ಬೆಳೆಯುವ ಮಕ್ಕಳಿಗೆ ಚಾರಣದ ಬ್ಯಾಗ್: ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ದಸರಾ ರಜೆಗೆ ಹದಿನೈದು ದಿನ ಇರುವಾಗ ಒಮ್ಮೆ, ಬೇಸಿಗೆ ರಜೆಗೆ ಮುಂಚೆ ಇನ್ನೊಮ್ಮೆ, ನನ್ನ ಫೋನಿಗೆ ಒಂದೇ ಥರದ ಪ್ರಶ್ನೆಗಳು ಬರುತ್ತವೆ. ನಾನು ಬ್ಯಾಗ್ ಮಾರುವವನಲ್ಲ. ಮೈಸೂರಿನ ನಮ್ಮ ಬಡಾವಣೆಯ ಹತ್ತು ಹನ್ನೆರಡು ಮಕ್ಕಳನ್ನು, ಅವರ ಮನೆಯವರನ್ನೂ ಎಳೆದುಕೊಂಡು, ವರ್ಷಕ್ಕೆ ನಾಲ್ಕಾರು ಸಲ ಬೆಟ್ಟ ಹತ್ತುವ ಚಟದವನು, ಅಷ್ಟೇ. ಅದೇ ಉತ್ತರವನ್ನು ಎಷ್ಟು ಸಲ ಟೈಪ್ ಮಾಡುವುದು ಅಂತ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಮನೆಯಲ್ಲಿ ಶಾಲೆ ಬ್ಯಾಗ್ ಇದೆಯಲ್ಲ, ಅದೇ ಸಾಲದಾ?

ಬೆಳಿಗ್ಗೆ ಹೋಗಿ ಮಧ್ಯಾಹ್ನ ಬರುವ ಬೆಟ್ಟಕ್ಕೆ ಧಾರಾಳವಾಗಿ ಸಾಕು. ಚಾಮುಂಡಿ ಬೆಟ್ಟದ ಮೆಟ್ಟಿಲು, ನಂದಿ ಬೆಟ್ಟದ ಸುಲ್ತಾನ್‌ಪೇಟೆ ಕಡೆಯ ಮೆಟ್ಟಿಲು ಇಂಥವಕ್ಕೆ ಹೊಸ ಬ್ಯಾಗ್ ಕೊಳ್ಳಬೇಡಿ. ಒಂದೇ ಷರತ್ತು: ಜಾಮಿಟ್ರಿ ಬಾಕ್ಸು, ಹೋದ ತಿಂಗಳ ಡೈರಿ, ತಳದಲ್ಲಿ ಕೂತಿರುವ ಅರ್ಧ ತಿಂದ ಬಿಸ್ಕತ್ತು ಎಲ್ಲ ತೆಗೆದು ತೊಳೆದುಕೊಂಡು ಬನ್ನಿ.

ರಾತ್ರಿ ಉಳಿಯುವ ಮಾತು ಬಂದಾಗ ಲೆಕ್ಕ ಬದಲಾಗುತ್ತದೆ. ಶಾಲೆ ಬ್ಯಾಗ್ ಇರುವುದು ಪುಸ್ತಕಕ್ಕೆ. ಅಗಲವಾಗಿ, ಪೆಟ್ಟಿಗೆಯ ಆಕಾರದಲ್ಲಿರುತ್ತದೆ, ತೂಕವೆಲ್ಲ ಹೆಗಲ ಮೇಲೆ ಬೀಳುತ್ತದೆ. ಬಸ್ ಸ್ಟಾಪಿನವರೆಗೆ ಹತ್ತು ನಿಮಿಷ ಹೊರುವುದು ಬೇರೆ, ಕೊಡಚಾದ್ರಿಯ ಏರಿನಲ್ಲಿ ನಾಲ್ಕು ಗಂಟೆ ಹೊರುವುದು ಬೇರೆ.

ಎಷ್ಟನೇ ವಯಸ್ಸಿಗೆ ಸ್ವಂತ ಬ್ಯಾಗ್ ಕೊಡಬಹುದು?

ನಾಲ್ಕೈದು ವರ್ಷದ ಮಗುವಿಗೂ ಕೊಡಬಹುದು, ಹೊರಿಸುವುದಕ್ಕಲ್ಲ, ಖುಷಿಗೆ. ಒಳಗೆ ಒಂದು ಟೋಪಿ, ಒಂದು ಚಿಕ್ಕ ನೀರಿನ ಬಾಟಲಿ, ಯಾವುದೋ ಗೊಂಬೆ. ಏಳೆಂಟು ವರ್ಷಕ್ಕೆ ತನ್ನ ನೀರು, ತನ್ನ ತಿಂಡಿ, ತನ್ನ ರೇನ್‌ಕೋಟ್. ಮಲಗುವ ಚೀಲ, ಬಟ್ಟೆಗಳನ್ನು ತಾನೇ ಹೊರುವುದು ಹನ್ನೊಂದು ಹನ್ನೆರಡರ ಮೇಲಿನ ಮಾತು. ಅದೂ ಮಗುವನ್ನು ನೋಡಿಕೊಂಡು. ನಮ್ಮ ಗುಂಪಿನಲ್ಲಿ ಹತ್ತು ವರ್ಷದ ಒಬ್ಬಳು ಹದಿಮೂರರ ಅಣ್ಣನಿಗಿಂತ ಹೆಚ್ಚು ಹೊರುತ್ತಾಳೆ, ಗೊಣಗುವುದೂ ಕಡಿಮೆ.

ತೂಕ ಎಷ್ಟಿರಬೇಕು?

ಮಗುವಿನ ತೂಕದ ಹತ್ತರಲ್ಲಿ ಒಂದು ಪಾಲು. ಈ ಲೆಕ್ಕ ನಿಮಗೆ ಹೊಸದಲ್ಲ. ಕೇಂದ್ರ ಸರ್ಕಾರದ 2020ರ ಶಾಲಾ ಬ್ಯಾಗ್ ನೀತಿ ಹೇಳುವುದೂ ಇದನ್ನೇ, ಬ್ಯಾಗಿನ ತೂಕ ಮಗುವಿನ ತೂಕದ ಶೇ. 10 ದಾಟಬಾರದು ಅಂತ. ಹದಿಮೂರು ಹದಿನಾಲ್ಕು ದಾಟಿದ, ನಡೆದು ಅಭ್ಯಾಸವಿರುವ ಮಕ್ಕಳು ಶೇ. 15ರವರೆಗೆ ಹೊರಬಹುದು. ಅದಕ್ಕಿಂತ ಮೇಲೆ ಹೋಗಲು ನಾನು ಬಿಡುವುದಿಲ್ಲ.

ಹತ್ತರಲ್ಲೊಂದು ಅಂದರೆ ಎಷ್ಟು ಕಡಿಮೆ ಅಂತ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡುವವರೆಗೆ ಯಾರಿಗೂ ನಂಬಿಕೆ ಬರುವುದಿಲ್ಲ. ನಾಲ್ಕನೇ ಕ್ಲಾಸಿನ ಹುಡುಗಿ, 25 ಕಿಲೋ ಇದ್ದಾಳೆ ಅಂದುಕೊಳ್ಳಿ. ಅವಳ ಪಾಲು ಎರಡೂವರೆ ಕಿಲೋ, ಬ್ಯಾಗೂ ಸೇರಿ. ಖಾಲಿ ಬ್ಯಾಗ್ 450 ಗ್ರಾಂ. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ, ಬಾಟಲಿಯದು ಇನ್ನೊಂದು 150 ಗ್ರಾಂ. ರೇನ್‌ಕೋಟ್ 250, ಸ್ವೆಟರ್ 300, ಚಿಕ್ಕಿ, ಖರ್ಜೂರ, ಚಪಾತಿ ಸುರುಳಿ ಸೇರಿ 200. ಆಗಲೇ 2 ಕಿಲೋ 350 ಗ್ರಾಂ ಆಯಿತು. ಉಳಿದ 150 ಗ್ರಾಂನಲ್ಲಿ ಒಂದು ಟಾರ್ಚು. ಮುಗಿಯಿತು ಅವಳ ಕೋಟಾ. ಮಲಗುವ ಚೀಲ ಎಲ್ಲಿ ಅಂತ ಕೇಳಬೇಡಿ, ಅದು ಅಪ್ಪನ ಬೆನ್ನ ಮೇಲೆ.

ಎಂಟನೇ ಕ್ಲಾಸಿನ 40 ಕಿಲೋದ ಹುಡುಗನಿಗೆ ನಾಲ್ಕು ಕಿಲೋ, ಗಟ್ಟಿಗನಾದರೆ ಆರು. ಅಷ್ಟರಲ್ಲಿ ಒಂದು ಕಿಲೋದ ಬ್ಯಾಗು, ಹಗುರ ಮಲಗುವ ಚೀಲ, ಒಂದು ಜೊತೆ ಬಟ್ಟೆ, ನೀರು, ತಟ್ಟೆ ಲೋಟ ಹಿಡಿಸುತ್ತದೆ. ಖಾಲಿ ಬ್ಯಾಗೇ ಎರಡು ಕಿಲೋ ಇದ್ದರೆ ಅವನ ಲೆಕ್ಕದ ಅರ್ಧ ಅಲ್ಲೇ ಹೋಯಿತು. ಆದ್ದರಿಂದ ಅಂಗಡಿಯಲ್ಲಿ ಬೆಲೆ ಚೀಟಿ ನೋಡುವ ಮುಂಚೆ ಖಾಲಿ ಬ್ಯಾಗಿನ ತೂಕ ಎಷ್ಟು ಅಂತ ಕೇಳಿ.

ಲೀಟರ್ ಅಂತ ಬರೆದಿರುತ್ತಾರೆ. ನೀರಿನ ಲೆಕ್ಕವಾ?

ಇದನ್ನು ಕೇಳಲು ಬಹಳ ಜನ ನಾಚಿಕೊಳ್ಳುತ್ತಾರೆ. ನೀರಲ್ಲ, ಒಳಗಿನ ಜಾಗದ ಅಳತೆ. ಒಂದು ಕೊಡದ ಹೊಟ್ಟೆಯಲ್ಲಿ ಎಷ್ಟು ಹಿಡಿಸುತ್ತದೆ ಅನ್ನುವ ಹಾಗೆ. ಹತ್ತು ವರ್ಷದೊಳಗಿನವರ ಒಂದು ದಿನದ ನಡಿಗೆಗೆ 10ರಿಂದ 15 ಲೀಟರ್. ಹತ್ತರಿಂದ ಹದಿಮೂರರವರ ಒಂದು ರಾತ್ರಿಯ ಬಿಡಾರಕ್ಕೆ 20ರಿಂದ 30. ಹದಿಹರೆಯದವರು ಎರಡು ಮೂರು ರಾತ್ರಿ ತಮ್ಮದೆಲ್ಲ ತಾವೇ ಹೊರುತ್ತಾರೆ ಅಂದರೆ 35ರಿಂದ 45.

ಹಿಮಾಲಯಕ್ಕೆ ಕರೆದುಕೊಂಡು ಹೋಗುತ್ತಿದ್ದೇವೆ. 50 ಲೀಟರ್ ಬೇಡವಾ?

ಬೇಡ. ಕೇದಾರಕಂಠ, ಹರ್ ಕಿ ದೂನ್ ಇಂಥ ದಾರಿಗಳಲ್ಲಿ ಹೇಸರಗತ್ತೆಯ ಮೇಲೆಯೋ ಪೋರ್ಟರ್ ಕೈಲೋ ದೊಡ್ಡ ಗಂಟು ಕಳಿಸುವ ವ್ಯವಸ್ಥೆ ಇರುತ್ತದೆ. ಮಗುವಿನ ಬೆನ್ನ ಮೇಲೆ ಇರಬೇಕಾದ್ದು ನೀರು, ಜಾಕೆಟ್, ತಿಂಡಿ ಮಾತ್ರ. ಚಳಿಗೆ ಜಾಕೆಟ್ ದಪ್ಪಗಿರುವುದರಿಂದ 20 ಲೀಟರ್ ಇರಲಿ.

ಸೈಜ್ ನೋಡುವುದು ಹೇಗೆ? ಎತ್ತರಕ್ಕಾ, ವಯಸ್ಸಿಗಾ?

ಎರಡಕ್ಕೂ ಅಲ್ಲ. ಬೆನ್ನಿನ ಉದ್ದಕ್ಕೆ. ಒಂದೇ ಎತ್ತರದ ಇಬ್ಬರು ಮಕ್ಕಳಲ್ಲಿ ಒಬ್ಬರಿಗೆ ಕಾಲು ಉದ್ದ, ಇನ್ನೊಬ್ಬರಿಗೆ ಬೆನ್ನು ಉದ್ದ ಇರಬಹುದು. ಬ್ಯಾಗ್ ಕೂರುವುದು ಬೆನ್ನ ಮೇಲೆ, ಕಾಲಿನ ಮೇಲಲ್ಲ.

ಅಳೆಯುವುದು ಸುಲಭ, ಟೈಲರ್ ಟೇಪ್ ಇದ್ದರೆ ಸಾಕು. ಮಗುವಿಗೆ ತಲೆ ತಗ್ಗಿಸಲು ಹೇಳಿ. ಕುತ್ತಿಗೆಯ ಬುಡದಲ್ಲಿ ಒಂದು ಮೂಳೆ ಗುಬುಟಾಗಿ ಎದ್ದು ಕಾಣುತ್ತದೆ, ಅಳತೆ ಅಲ್ಲಿಂದ ಶುರು. ಆಮೇಲೆ ಜಗಳಕ್ಕೆ ನಿಂತವರ ಹಾಗೆ ಎರಡೂ ಕೈ ಸೊಂಟದ ಮೇಲೆ ಇಟ್ಟುಕೊಳ್ಳಲಿ, ಹೆಬ್ಬೆರಳು ಹಿಂದಕ್ಕೆ. ಈ ಭಂಗಿ ಯಾವ ಮಗುವಿಗೂ ಹೇಳಿಕೊಡಬೇಕಾಗಿಲ್ಲ. ಕೈ ಕೂತಿರುವುದು ಸೊಂಟದ ಮೂಳೆಯ ಮೇಲಂಚಿನ ಮೇಲಿರಬೇಕು. ಎರಡು ಹೆಬ್ಬೆರಳನ್ನು ಸೇರಿಸುವ ಒಂದು ಗೆರೆ ಊಹಿಸಿಕೊಳ್ಳಿ. ಕುತ್ತಿಗೆಯ ಗುಬುಟಿನಿಂದ ಆ ಗೆರೆಯವರೆಗೆ, ಬೆನ್ನುಮೂಳೆಯ ಬಾಗನ್ನು ಅನುಸರಿಸಿ ಎಷ್ಟು ಸೆಂಟಿಮೀಟರ್ ಇದೆಯೋ ಅದೇ ಬೆನ್ನಿನ ಉದ್ದ. ಟೇಪ್ ಗಾಳಿಯಲ್ಲಿ ನೇರ ಹಿಡಿಯಬೇಡಿ, ಮೈಗೆ ಅಂಟಿಕೊಂಡಿರಲಿ. ಕಚಗುಳಿ ಅಂತ ಮಗು ನುಲಿಯುತ್ತದೆ, ಮೂರು ಸಲ ಅಳೆಯಿರಿ.

ಒಳ್ಳೆಯ ಬ್ಯಾಗಿನ ಚೀಟಿಯಲ್ಲಿ ಅದು ಎಷ್ಟರಿಂದ ಎಷ್ಟು ಸೆಂ.ಮೀ. ಬೆನ್ನಿಗೆ ಅಂತ ಬರೆದಿರುತ್ತದೆ. ಬರೆದಿಲ್ಲದಿದ್ದರೆ ಹಾಕಿ ನೋಡಿಯೇ ತಿಳಿಯಬೇಕು.

ಹೇಗಿದ್ದರೂ ಬೆಳೆಯುತ್ತಾನೆ. ಎರಡು ಸೈಜ್ ದೊಡ್ಡದು ತಗೊಂಡರೆ ಕಾಸು ಉಳಿಯುತ್ತಲ್ಲ?

ಈ ಪುಟ ಬರೆಯಲು ಕಾರಣವೇ ಈ ಪ್ರಶ್ನೆ.

ನಾವೆಲ್ಲ ಬೆಳೆದದ್ದು ಹಾಗೆಯೇ. ಜೂನ್ ತಿಂಗಳಲ್ಲಿ ಹೊಲಿಸಿದ ಯೂನಿಫಾರಂ ಮೊಣಕಾಲು ದಾಟುತ್ತಿತ್ತು, ಒಳಗೆ ನಾಲ್ಕು ಬೆರಳು ಮಡಿಕೆ ಬಿಟ್ಟಿರುತ್ತಿದ್ದರು, ಪ್ರತಿ ವರ್ಷ ಒಂದಿಷ್ಟು ಬಿಚ್ಚಿದರೆ ಮೂರು ವರ್ಷ ಬಾಳಿಕೆ. ಶೂ ತುದಿಯಲ್ಲಿ ಹತ್ತಿ ತುರುಕಿಕೊಂಡು ಹೋದವರೂ ಇದ್ದೇವೆ. ಬಟ್ಟೆ ದೊಡ್ಡದಾದರೆ ನೋಡುವವರು ನಗುತ್ತಾರೆ, ಮೈಗೇನೂ ಆಗುವುದಿಲ್ಲ. ಬ್ಯಾಗ್ ಹಾಗಲ್ಲ.

ನನ್ನ ಮಗಳಿಗೆ ಒಂಬತ್ತು ವರ್ಷವಿದ್ದಾಗ ನಾನೇ ಈ ಜಾಣತನ ಮಾಡಿ ಕೆಟ್ಟೆ. ಹನ್ನೆರಡರವರೆಗೆ ಬರಲಿ ಅಂತ 40 ಲೀಟರಿನದು ತಂದೆ. ಹಿಡ್ಲುಮನೆ ಜಲಪಾತದ ಕಡೆಯಿಂದ ಕೊಡಚಾದ್ರಿ ಹತ್ತುವಾಗ ಸೊಂಟದ ಪಟ್ಟಿ ಅವಳ ತೊಡೆಯ ಹತ್ತಿರ ನೇತಾಡುತ್ತಿತ್ತು. ಮೆಟ್ಟಿಲಿನಂಥ ಬಂಡೆಗೆ ಕಾಲೆತ್ತಿದಾಗಲೆಲ್ಲ ಬ್ಯಾಗಿನ ತಳ ಅವಳ ಹಿಂಭಾಗಕ್ಕೆ ಗುದ್ದುತ್ತಿತ್ತು. ಮೇಲೆ ನೋಡಲು ಕತ್ತೆತ್ತಿದರೆ ತಲೆ ಬ್ಯಾಗಿನ ಮುಚ್ಚಳಕ್ಕೆ ತಾಗುತ್ತಿತ್ತು, ಹಾಗಾಗಿ ಅವಳು ದಾರಿಯಿಡೀ ನೆಲ ನೋಡಿಕೊಂಡೇ ನಡೆದಳು. ಹೆಗಲ ಪಟ್ಟಿಗಳ ನಡುವೆ ಅಂತರ ಜಾಸ್ತಿ, ಜಾರುತ್ತವೆ ಅಂತ ಹೆಗಲನ್ನು ಕಿವಿಯ ಹತ್ತಿರ ಎತ್ತಿ ಹಿಡಿದುಕೊಂಡಿದ್ದಳು. ಇಷ್ಟರ ಮೇಲೆ ಬ್ಯಾಗಿನಲ್ಲಿ ಜಾಗ ಇದೆಯಲ್ಲ ಅಂತ ಹೊರಡುವಾಗ ಅವಳಮ್ಮ ಇನ್ನೊಂದು ಬೆಡ್‌ಶೀಟ್ ತುರುಕಿದ್ದಳು. ಖಾಲಿ ಜಾಗ ಖಾಲಿ ಉಳಿಯುವುದಿಲ್ಲ. ಇಳಿಯುವಾಗ ಅದನ್ನು ಎದೆಗೆ ಕಟ್ಟಿಕೊಂಡು, ನನ್ನದನ್ನು ಬೆನ್ನಿಗೆ ಹಾಕಿಕೊಂಡು, ಬಸುರಿ ಗೂನನ ಹಾಗೆ ನಾನು ಇಳಿದೆ. ಆ ವರ್ಷವೆಲ್ಲ ಅವಳು ಬೆಟ್ಟದ ಮಾತೆತ್ತಲಿಲ್ಲ. ಉಳಿಸಿದ ಕಾಸು ಎಲ್ಲಿಗೆ ಹೋಯಿತು ಅಂದರೆ, ಮುಂದಿನ ವರ್ಷ ಸರಿಯಾದದ್ದು ಕೊಳ್ಳುವುದಕ್ಕೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ಇಲ್ಲಿ ಬೆನ್ನು ಇದ್ದಷ್ಟು ಬ್ಯಾಗು. ಇವತ್ತಿನ ಬೆನ್ನು, 2 ವರ್ಷ ಬಿಟ್ಟು ಬರುವ ಬೆನ್ನಲ್ಲ.

ಹಾಗಾದರೆ ಪ್ರತಿ ವರ್ಷ ಹೊಸದು ಕೊಳ್ಳಬೇಕಾ?

ಇಲ್ಲ. ಬೆನ್ನಿನ ಪಟ್ಟಿ ಏರಿಸಿ ಇಳಿಸಬಹುದಾದ ಬ್ಯಾಗುಗಳಿವೆ. ಹೆಗಲ ಪಟ್ಟಿಗಳು ಸೇರುವ ಜಾಗ ಬ್ಯಾಗಿಗೆ ಹೊಲಿದುಹೋಗಿರದೆ, ವೆಲ್ಕ್ರೋ ಮೇಲೋ ಏಣಿಯಂಥ ಕುಣಿಕೆಗಳ ಮೇಲೋ ಮೇಲೆ ಕೆಳಗೆ ಸರಿಯುತ್ತದೆ. ಮಗು ಬೆಳೆದಂತೆ ಒಂದೊಂದೇ ಮೆಟ್ಟಿಲು ಏರಿಸುತ್ತಾ ಹೋಗುವುದು. ನಮ್ಮಮ್ಮ ಯೂನಿಫಾರಂ ಮಡಿಕೆ ಬಿಚ್ಚುತ್ತಿದ್ದಳಲ್ಲ, ಅದೇ ವಿದ್ಯೆ. ವ್ಯತ್ಯಾಸ ಇಷ್ಟೇ: ಇಲ್ಲಿ ಅದು ಇವತ್ತಿಗೂ ಸರಿಯಾಗಿ ಕೂತಿರುತ್ತದೆ.

ಆದರೆ ಇಂಥದ್ದನ್ನು ಯಾವಾಗ ಕೊಳ್ಳುತ್ತೀರಿ ಅನ್ನುವುದು ಮುಖ್ಯ. ಶಾಲೆಗೆ ಹೋಗುವ ಮಕ್ಕಳು ಸಾಮಾನ್ಯವಾಗಿ ವರ್ಷಕ್ಕೆ ಐದಾರು ಸೆಂ.ಮೀ. ಎತ್ತರವಾಗುತ್ತಾರೆ, ಅದರಲ್ಲಿ ಬೆನ್ನಿನ ಪಾಲು ಇನ್ನೂ ಕಡಿಮೆ. ಆ ವರ್ಷಗಳಲ್ಲಿ ಒಂದು ಬ್ಯಾಗ್ ಮೂರು ನಾಲ್ಕು ವರ್ಷ ಆರಾಮಾಗಿ ಬರುತ್ತದೆ. ಆಮೇಲೆ ಬರುತ್ತದೆ ಜಿಗಿತ. ಹುಡುಗಿಯರಿಗೆ ಹೆಚ್ಚುಕಡಿಮೆ ಹನ್ನೊಂದು ಹನ್ನೆರಡಕ್ಕೆ, ಹುಡುಗರಿಗೆ ಹದಿಮೂರು ಹದಿನಾಲ್ಕಕ್ಕೆ. ಈ ಜಿಗಿತದಲ್ಲೂ ಒಂದು ಕ್ರಮವಿದೆ, ಮೊದಲು ಕಾಲು ಉದ್ದವಾಗುತ್ತದೆ, ಬೆನ್ನು ಆಮೇಲೆ. ಪ್ಯಾಂಟು ಗಿಡ್ಡವಾದ ಕೂಡಲೇ ಬ್ಯಾಗ್ ಅಂಗಡಿಗೆ ಓಡಬೇಡಿ. ಅಂಗಿ ಸೊಂಟದಿಂದ ಮೇಲೆ ಬರತೊಡಗಿದಾಗ ಟೇಪ್ ತೆಗೆಯಿರಿ. ಜಿಗಿತ ಶುರುವಾಗುವ ಹೊತ್ತಿಗೆ ದುಬಾರಿ ಬ್ಯಾಗ್ ಕೊಳ್ಳದೆ ಒಂದು ವರ್ಷ ಯಾರದಾದರೂ ಹಳೆಯದರಲ್ಲಿ ಕಳೆದರೆ, ಆಮೇಲೆ ಕೊಂಡದ್ದು ಕಾಲೇಜಿನವರೆಗೆ ಬರುತ್ತದೆ.

ಸೊಂಟದ ಪಟ್ಟಿ ಬೇಕೇ ಬೇಕಾ?

ದೊಡ್ಡವರ ಬ್ಯಾಗಿನಲ್ಲಿ ತೂಕದ ಬಹುಪಾಲು ಸೊಂಟಕ್ಕೆ ಇಳಿಯಬೇಕು, ಹೆಗಲು ಬರೀ ಹಿಡಿದುಕೊಳ್ಳುವುದಕ್ಕೆ. ನೀರು ತುಂಬಿದ ಬಿಂದಿಗೆಯನ್ನು ಸೊಂಟದ ಮೇಲೆ ಇಟ್ಟುಕೊಂಡು ನಡೆದ ಯಾವ ಹೆಂಗಸಿಗೂ ಇದನ್ನು ವಿವರಿಸಬೇಕಾಗಿಲ್ಲ. ಚಿಕ್ಕ ಮಕ್ಕಳ ಕಷ್ಟ ಏನೆಂದರೆ ಅವರಿಗೆ ಸೊಂಟವೇ ಇರುವುದಿಲ್ಲ. ಮೇಲಿಂದ ಕೆಳಗೆ ಒಂದೇ ಅಳತೆ, ಪಟ್ಟಿ ಜಾರುತ್ತದೆ. ಹಾಗಾಗಿ 15 ಲೀಟರಿನವರೆಗೆ ತೆಳ್ಳನೆಯ ಪಟ್ಟಿ ಇದ್ದರೂ ಸಾಕು, ಬ್ಯಾಗ್ ಅಲುಗಾಡದಿರಲಿ ಅಂತ. 25 ಲೀಟರ್ ದಾಟಿದರೆ ಮೆತ್ತೆ ಇರುವ ಪಟ್ಟಿ ಬೇಕು, ಪೂರ್ತಿ ಎಳೆದಾಗ ಬಿಗಿಯಾಗಬೇಕು. ಎಷ್ಟೋ ಬ್ಯಾಗುಗಳಲ್ಲಿ ಕೊನೆಯವರೆಗೂ ಎಳೆದ ಮೇಲೂ ಒಂದು ಗೇಣು ಸಡಿಲ ಉಳಿಯುತ್ತದೆ. ಅದು ದೊಡ್ಡವರ ಬ್ಯಾಗಿನ ಮರಿ, ಮಕ್ಕಳ ಬ್ಯಾಗಲ್ಲ.

ಎದೆ ಪಟ್ಟಿ ಮಾತ್ರ ಬೇಕೇ ಬೇಕು, ಹೆಗಲು ಕಿರಿದಾದ ಮಕ್ಕಳಿಗೆ ಇದಿಲ್ಲದಿದ್ದರೆ ಪಟ್ಟಿ ನಿಲ್ಲುವುದಿಲ್ಲ. ಹಲವು ಬ್ಯಾಗುಗಳಲ್ಲಿ ಅದರ ಬಕಲಿನಲ್ಲೇ ಒಂದು ಪುಟ್ಟ ಸೀಟಿ ಇರುತ್ತದೆ. ದಾರಿ ತಪ್ಪಿದರೆ ನಿಂತಲ್ಲೇ ನಿಂತು ಮೂರು ಸಲ ಊದಬೇಕು ಅನ್ನುವುದು ನಮ್ಮ ಗುಂಪಿನ ನಿಯಮ. ಮೊದಲ ಅರ್ಧ ಗಂಟೆ ಸುಮ್ಮಸುಮ್ಮನೆ ಊದಿ ತಲೆ ಚಿಟ್ಟು ಹಿಡಿಸುತ್ತಾರೆ, ಸಹಿಸಿಕೊಳ್ಳಬೇಕು.

ಹುಡುಗಿಯರಿಗೆ ಬೇರೆ ಬ್ಯಾಗ್ ಬೇಕಾ?

ಹನ್ನೆರಡರವರೆಗೆ ಏನೂ ವ್ಯತ್ಯಾಸವಿಲ್ಲ. ಆಮೇಲೆ ಹೆಂಗಸರ ಚಿಕ್ಕ ಸೈಜಿನ ಬ್ಯಾಗ್ ಹಾಕಿ ನೋಡಿ. ಹೆಗಲ ಪಟ್ಟಿ ಎದೆಗೆ ಒತ್ತದಂತೆ ಬಾಗಿರುತ್ತದೆ, ಬೆನ್ನೂ ಗಿಡ್ಡ. ಸಣಕಲು ಹುಡುಗರಿಗೂ ಅದು ಚೆನ್ನಾಗಿ ಕೂರುತ್ತದೆ; ಅವರಿಗೆ ಅದು ಹೆಂಗಸರದು ಅಂತ ಹೇಳಬೇಡಿ, ಅಷ್ಟೇ.

ಅಂಗಡಿಯಲ್ಲಿ ಏನೇನು ನೋಡಬೇಕು?

ಮಗುವನ್ನು ಬಿಟ್ಟು ಹೋಗಬೇಡಿ. ಸರ್‌ಪ್ರೈಸ್ ಉಡುಗೊರೆ ಕೊಡಲು ಬೇರೆ ಸಾವಿರ ವಸ್ತುಗಳಿವೆ.

ಖಾಲಿ ಬ್ಯಾಗ್ ಎಲ್ಲರಿಗೂ ಚೆಂದ ಕೂರುತ್ತದೆ. ಒಳಗೆ ಎರಡು ಮೂರು ಕಿಲೋ ಏನಾದರೂ ಹಾಕಿ. ಮನೆಯಿಂದ ನೀರು ತುಂಬಿದ ಬಾಟಲಿಗಳನ್ನೇ ಒಯ್ಯಿರಿ. ಎಲ್ಲ ಪಟ್ಟಿ ಸಡಿಲ ಮಾಡಿ ಹಾಕಿಸಿ, ಮೊದಲು ಸೊಂಟದ್ದು ಬಿಗಿ ಮಾಡಿ, ಆಮೇಲೆ ಹೆಗಲಿನದು, ಕೊನೆಗೆ ಎದೆಯದು. ಹೆಗಲ ಪಟ್ಟಿ ಹೆಗಲನ್ನು ತಬ್ಬಿಕೊಂಡಿರಬೇಕು, ಮೇಲೆ ಕಮಾನಿನಂತೆ ಸಂದು ಬಿಟ್ಟಿರಬಾರದು. ಚಾವಣಿಯ ಫ್ಯಾನ್ ನೋಡು ಅನ್ನಿ, ತಲೆ ಬ್ಯಾಗಿಗೆ ತಾಗಬಾರದು. ಶೂ ಲೇಸ್ ಕಟ್ಟಲು ಬಗ್ಗು ಅನ್ನಿ, ಬ್ಯಾಗ್ ತಲೆಯ ಮೇಲೆ ಉರುಳಬಾರದು. ಆಮೇಲೆ ಕಾಲು ಗಂಟೆ ಅಂಗಡಿಯಲ್ಲೇ ಓಡಾಡಲಿ. ಅಂಗಡಿಯವರು ದುರುಗುಟ್ಟಿ ನೋಡಿದರೆ ನೋಡಲಿ.

ಬಕಲ್‌ಗಳನ್ನು ಮಗುವೇ ಹಾಕಿ ಬಿಚ್ಚಬೇಕು. ನಿಮ್ಮ ಬೆರಳಿಗೇ ಗಟ್ಟಿ ಅನ್ನಿಸುವ ಬಕಲ್ ಚಳಿಯಲ್ಲಿ ಮರಗಟ್ಟಿದ ಪುಟ್ಟ ಬೆರಳಿಗೆ ಬಗ್ಗುವುದಿಲ್ಲ. ಮತ್ತೆ ಬಣ್ಣ: ಹಳದಿ, ಕಿತ್ತಳೆ, ಕೆಂಪು ಯಾವುದಾದರೂ ಇರಲಿ. ಮುಳ್ಳಯ್ಯನಗಿರಿಯ ಮಂಜಿನಲ್ಲಿ ಹಸಿರು ಬ್ಯಾಗಿನ ಮಗು ಹತ್ತು ಹೆಜ್ಜೆ ಮುಂದೆ ಹೋದರೆ ಕಾಣುವುದಿಲ್ಲ.

ಯಾವ ಕಂಪನಿಯದು ತಗೊಳ್ಳೋಣ?

ಚಿಕ್ಕವರ ಹಗಲು ನಡಿಗೆಗೆ ಡೆಕಾಥ್ಲಾನ್‌ನ ಕೆಚುವಾ ಸಾಕು, ಅಗ್ಗ, ಹಗುರ. ವೈಲ್ಡ್‌ಕ್ರಾಫ್ಟ್ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಕಂಪನಿ, ಊರೂರಲ್ಲಿ ಸಿಗುತ್ತದೆ. ಡಾಯ್ಟರ್ ಕಂಪನಿಯ ಫಾಕ್ಸ್, ಆಸ್ಪ್ರೇಯ ಏಸ್, ಇವೆರಡೂ ಬೆಳೆಯುವ ಮಕ್ಕಳಿಗೆಂದೇ ಮಾಡಿದವು, ಬೆನ್ನು ಸರಿಸಬಹುದು. ಬೆಲೆ ಹಲವು ಪಟ್ಟು. ವರ್ಷಕ್ಕೆ ಒಂದೇ ಸಲ ಹೋಗುವವರಿಗೆ ಅಷ್ಟು ಖರ್ಚು ಬೇಡ.

ಬಾಡಿಗೆಗೆ ಸಿಗುತ್ತಲ್ಲ? ಹಳೆಯದು ತಗೊಳ್ಳಬಹುದಾ?

ಬಾಡಿಗೆಗೆ ಸಿಗುವುದು ಬಹುಪಾಲು ದೊಡ್ಡವರ 50, 60 ಲೀಟರಿನವು. ಹಳೆಯದು ಬಹಳ ಒಳ್ಳೆಯದು. ದೊಡ್ಡಮ್ಮನ ಮಗನಿಂದ ಚಿಕ್ಕಪ್ಪನ ಮಗಳಿಗೆ, ಅವಳಿಂದ ಪಕ್ಕದ ಮನೆಗೆ ಹೀಗೆ ಸುತ್ತಿದರೆ ಯಾರಿಗೂ ನಷ್ಟವಿಲ್ಲ. ನಮ್ಮ ಗುಂಪಿನಲ್ಲಿ ಒಂದು ಕೆಂಪು ಬ್ಯಾಗ್ ಈಗ ಐದನೇ ಬೆನ್ನ ಮೇಲಿದೆ. ಜಿಪ್ ಎರಡೂ ಕಡೆ ಓಡುತ್ತದಾ, ಬಕಲ್ ಸೀಳಿಲ್ಲವಾ, ಹೆಗಲ ಪಟ್ಟಿಯ ಹೊಲಿಗೆ ಬಿಟ್ಟಿಲ್ಲವಾ, ಒಳಗೆ ಕೈ ಹಾಕಿದರೆ ಲೇಪನ ಅಂಟಂಟಾಗಿ ಸಿಪ್ಪೆ ಏಳುತ್ತದಾ ನೋಡಿ. ಮೊದಲ ಮೂರನ್ನು ಚಪ್ಪಲಿ, ಬ್ಯಾಗ್ ರಿಪೇರಿಯವರು ಸರಿ ಮಾಡಿಕೊಡುತ್ತಾರೆ. ನಾಲ್ಕನೆಯದಕ್ಕೆ ಮದ್ದಿಲ್ಲ.

ಮಳೆಗಾಲಕ್ಕೆ ವಾಟರ್‌ಪ್ರೂಫ್ ಅಂತ ಬರೆದಿರುವುದು ಸಾಕಾ?

ಮಲೆನಾಡಿನ ಮಳೆಗೆ ಆ ಚೀಟಿ ಓದಲು ಬರುವುದಿಲ್ಲ. ರೇನ್ ಕವರ್ ಹಾಕಿದರೂ ನೀರು ಕುತ್ತಿಗೆಯಿಂದ ಇಳಿದು ಬೆನ್ನಿಗೂ ಬ್ಯಾಗಿಗೂ ನಡುವೆ ಸೇರುತ್ತದೆ, ಅಲ್ಲಿಂದ ಒಳಗೆ. ಮೊದಲು ಬ್ಯಾಗಿನೊಳಗೆ ಒಂದು ದಪ್ಪ ದೊಡ್ಡ ಪ್ಲಾಸ್ಟಿಕ್ ಚೀಲ ಇಳಿಬಿಟ್ಟು, ಸಾಮಾನೆಲ್ಲ ಅದರೊಳಗೆ ತುಂಬಿ ಬಾಯಿ ಸುರುಳಿ ಸುತ್ತಿ. ಮೇಲಿಂದ ಕವರ್. ಆ ಚೀಲ ವಾಪಸ್ ಮನೆಗೆ ಬರಬೇಕು, ಮುಂದಿನ ಸಲಕ್ಕೂ ಅದೇ.

ಮತ್ತೆ ಉಂಬಳ. ದಾರಿಯಲ್ಲಿ ದಣಿವಾಯಿತು ಅಂತ ಬ್ಯಾಗನ್ನು ಒದ್ದೆ ಎಲೆಗಳ ಮೇಲೆ ಇಟ್ಟರೆ, ಎತ್ತಿಕೊಂಡಾಗ ಸೊಂಟದ ಪಟ್ಟಿಯಲ್ಲೇ ನಾಲ್ಕು ಜನ ಅತಿಥಿಗಳು. ಬಂಡೆಯ ಮೇಲಿಡಿ, ಹಾಕಿಕೊಳ್ಳುವ ಮುಂಚೆ ಬೆನ್ನಿನ ಮೆತ್ತೆ ಒಮ್ಮೆ ನೋಡಿ.

ಪೈಪಿನಲ್ಲಿ ಹೀರುವ ನೀರಿನ ಚೀಲ ಹೇಗೆ?

ಮಕ್ಕಳಿಗೆ ಬಲು ಇಷ್ಟ, ಅದಕ್ಕೇ ನೀರು ಚೆನ್ನಾಗಿ ಕುಡಿಯುತ್ತಾರೆ. ಆದರೆ ಎಷ್ಟು ಉಳಿದಿದೆ ಅಂತ ಕಾಣುವುದಿಲ್ಲ, ಪೈಪ್ ತೊಳೆಯುವುದು ಕಷ್ಟ, ಒಳಗೆ ಬೂಷ್ಟು ಕಟ್ಟುತ್ತದೆ. ನನ್ನ ಮಾತು ಕೇಳುವುದಾದರೆ ಎರಡು ಅರ್ಧ ಲೀಟರ್ ಬಾಟಲಿ, ಎರಡೂ ಪಕ್ಕದ ಜೇಬಿಗೆ ಒಂದೊಂದು. ಬ್ಯಾಗ್ ಬಿಚ್ಚದೆ ಮಗುವಿನ ಕೈ ಅಲ್ಲಿಗೆ ಹೋಗುತ್ತದಾ ಅಂತ ಅಂಗಡಿಯಲ್ಲೇ ನೋಡಿಕೊಳ್ಳಿ.

ತುಂಬುವ ಕ್ರಮ ಏನಾದರೂ ಇದೆಯಾ?

ತಳದಲ್ಲಿ ಹಗುರ ಮೆತ್ತನೆಯದು, ಬೆನ್ನಿಗೆ ಅಂಟಿಕೊಂಡು ನಡುವೆ ಭಾರದ್ದು, ಹೊರಗಡೆ ಬಟ್ಟೆ, ಎಲ್ಲಕ್ಕಿಂತ ಮೇಲೆ ರೇನ್‌ಕೋಟ್ ಮತ್ತು ತಿಂಡಿ. ಭಾರ ಬೆನ್ನಿಂದ ದೂರ ಹೋದಷ್ಟೂ ಹಿಂದಕ್ಕೆ ಜಗ್ಗುತ್ತದೆ. ಹೊರಗೆ ಚೊಂಬು, ಚಪ್ಪಲಿ ನೇತುಹಾಕಬೇಡಿ, ಪೊದೆಗೆ ಸಿಕ್ಕಿಕೊಳ್ಳುತ್ತವೆ.

ಮಗುವೇ ತುಂಬಲಿ. ನೀವು ತುಂಬಿದರೆ ದಾರಿಯಲ್ಲಿ ಟೋಪಿ ಎಲ್ಲಿ, ಚಿಕ್ಕಿ ಎಲ್ಲಿ ಅಂತ ಹತ್ತು ಸಲ ನಿಮ್ಮನ್ನೇ ಕೇಳುತ್ತದೆ. ಹೊರಡುವ ಹಿಂದಿನ ಭಾನುವಾರ ತುಂಬಿದ ಬ್ಯಾಗ್ ಹಾಕಿಸಿ ಒಂದು ತಾಲೀಮು ಮಾಡಿಸಿ. ನಾವು ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲಿ ದೊಡ್ಡ ನಂದಿಯವರೆಗೆ ಹತ್ತಿಸುತ್ತೇವೆ. ಯಾವ ಪಟ್ಟಿ ಕಡಿಯುತ್ತದೆ, ಯಾವ ಗೊಂಬೆ ಮನೆಯಲ್ಲಿ ಉಳಿಯಬೇಕು ಎಲ್ಲ ಅಲ್ಲಿಯೇ ತೀರ್ಮಾನವಾಗುತ್ತದೆ.

ತೊಳೆಯುವುದು, ಎತ್ತಿಡುವುದು?

ವಾಷಿಂಗ್ ಮೆಷಿನ್‌ಗೆ ಹಾಕಬೇಡಿ, ಒಳಗಿನ ಲೇಪನ ಹೋಗುತ್ತದೆ. ಬಕೆಟ್ಟಿನಲ್ಲಿ ತಣ್ಣೀರು, ಸ್ವಲ್ಪ ಸೋಪು, ಹಳೆಯ ಬ್ರಷ್. ಜಿಪ್ ಎಲ್ಲ ತೆರೆದು ನೆರಳಲ್ಲಿ ತಲೆಕೆಳಗಾಗಿ ನೇತುಹಾಕಿ. ಪೂರ್ತಿ ಒಣಗುವ ಮುಂಚೆ ಅಟ್ಟಕ್ಕೆ ಸೇರಿಸಿದರೆ ಮುಂದಿನ ರಜೆಗೆ ಬೂಷ್ಟಿನ ಬ್ಯಾಗ್ ಕೈಗೆ ಬರುತ್ತದೆ. ಒಣಗಲಿ ಅಂತ ಬಚ್ಚಲೊಲೆಯ ಹತ್ತಿರ ಇಟ್ಟು ಬಕಲ್ ಕರಗಿಸಿಕೊಂಡವರನ್ನೂ ಕಂಡಿದ್ದೇನೆ.

ಅರ್ಧ ದಾರಿಗೇ ಬ್ಯಾಗ್ ನನ್ನ ಕೈಗೆ ಕೊಡುತ್ತಾನೆ. ಏನು ಮಾಡಲಿ?

ಮೊದಲು ಪಟ್ಟಿ ನೋಡಿ. ನಡೆಯುತ್ತಾ ಸಡಿಲವಾಗಿರುತ್ತವೆ, ಎಳೆದು ಕಟ್ಟಿದರೆ ಅರ್ಧ ಜನ ಮತ್ತೆ ನಡೆಯುತ್ತಾರೆ. ಅದಾದ ಮೇಲೂ ಆಗುವುದಿಲ್ಲ ಅಂದರೆ ಬ್ಯಾಗನ್ನು ಪೂರ್ತಿ ಕಿತ್ತುಕೊಳ್ಳಬೇಡಿ, ಒಳಗಿನ ನೀರನ್ನು ನಿಮ್ಮದಕ್ಕೆ ಸಾಗಿಸಿ, ಬ್ಯಾಗ್ ಅವನ ಬೆನ್ನ ಮೇಲೇ ಇರಲಿ. ನಿಜವಾಗಿ ಸುಸ್ತಾಗಿದ್ದರೆ, ಮುಖ ನೋಡಿದರೆ ಗೊತ್ತಾಗುತ್ತದೆ, ಆಗ ತಗೊಳ್ಳಿ, ಬೈಯಬೇಡಿ. ಇದಕ್ಕೆ ಅಂತಲೇ ನನ್ನ ಬ್ಯಾಗನ್ನು ನಾನು ಯಾವತ್ತೂ ಮುಕ್ಕಾಲಿಗಿಂತ ಹೆಚ್ಚು ತುಂಬುವುದಿಲ್ಲ. ಹೊರಗಿನ ಕುಣಿಕೆಯಲ್ಲಿ ಎರಡು ಮಾರು ಗಟ್ಟಿ ದಾರ ಸದಾ ಇರುತ್ತದೆ. ಒಬ್ಬನ ಬ್ಯಾಗ್ ಒಳಗೆ ಹೋಗುತ್ತದೆ, ಅದನ್ನು ನೋಡಿ ಐದು ನಿಮಿಷಕ್ಕೆ ಇನ್ನೊಬ್ಬನಿಗೂ ಸುಸ್ತಾಗುತ್ತದೆ, ಅವನದನ್ನು ದಾರದಲ್ಲಿ ಹೊರಗೆ ಕಟ್ಟುತ್ತೇನೆ.